ಶುಶ್ರೂಷಾ ವಿದ್ಯಾರ್ಥಿನಿಯ ಭೌತಶಾಸ್ತ್ರ

ದೀಪಾವಳಿಯ ಬಿಡುವಿನಲ್ಲಿ ಒಂದು ಸಂಜೆ ನಮ್ಮ ಕಾಲೇಜಿನಲ್ಲಿ ಹಿಂದೆ ಓದಿದ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಳು. ಆಕೆ ಇಳಕಲ್ಲಿನ ನೇಕಾರ ಮನೆತನದವಳು. ಕಲಾ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿ, ಆ ವರ್ಷವೇ ಬಾಗಲಕೋಟೆಯಲ್ಲಿ ಶುಶ್ರೂಷಾ ಶಿಕ್ಷಣಕ್ಕೆ ಸೇರಿದ್ದಳು. ಕೈಯಲ್ಲಿ ಒಂದು ನೋಟ್‌ಬುಕ್ಕು. ಅದರಲ್ಲಿ ಕೆಂಪು ಮಸಿಯಿಂದ ಗೀಚಿದ್ದ ಒಂದು ಲೆಕ್ಕ. “ಸರ್, ಸೂತ್ರ ಬಾಯಿಪಾಠ ಐತ್ರೀ. ಆದ್ರ ಲೆಕ್ಕ ಎಲ್ಲಿ ತಪ್ಪೇತಿ ತಿಳೀವಲ್ದ್ರೀ,” ಎಂದಳು. ಸ್ವಲ್ಪ ಹೊತ್ತು ಮಾತನಾಡಿದ ಮೇಲೆ, ಹಬ್ಬ ಮುಗಿದ ಬಳಿಕ ತಾನು ಶಾಲೆಗೆ ಹಿಂದಿರುಗಲಾರೆನೇನೋ ಎಂಬ ಮಾತೂ ಹೊರಬಿದ್ದಿತು.

ಲೆಕ್ಕ ಇಷ್ಟೇ: ರೋಗಿಯೊಬ್ಬನಿಗೆ 500 ಮಿಲಿಲೀಟರ್ ಲವಣದ್ರಾವಣವನ್ನು 4 ಗಂಟೆಗಳಲ್ಲಿ ರಕ್ತನಾಳದ ಮೂಲಕ ಕೊಡಬೇಕಾಗಿದೆ. ಕೊಳವೆಯಿಂದ ಬೀಳುವ 20 ಹನಿಗಳು ಸೇರಿ 1 ಮಿಲಿಲೀಟರ್ ಆಗುತ್ತದೆ. ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ ಬೀಳುವಂತೆ ಇಡಬೇಕು? ಆಕೆ 500ನ್ನು 20ರಿಂದ ಗುಣಿಸಿ, 4ರಿಂದ ಭಾಗಿಸಿ, 2,500 ಎಂದು ಬರೆದು, ಕೆಳಗೆ ಎರಡು ಗೆರೆಗಳನ್ನು ಅಚ್ಚುಕಟ್ಟಾಗಿ ಎಳೆದಿದ್ದಳು.

ಗಂಟೆಯನ್ನು ನಿಮಿಷಕ್ಕೆ ಪರಿವರ್ತಿಸಲು ಮರೆತದ್ದೇ ತಪ್ಪೆಂದು ವಾಚಕರು ಈಗಾಗಲೇ ಗುರುತಿಸಿರಬಹುದು. ಆದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಿಮಿಷಕ್ಕೆ 2,500 ಹನಿಯೆಂದರೆ ಸೆಕೆಂಡಿಗೆ ನಲವತ್ತಕ್ಕಿಂತ ಹೆಚ್ಚು. ಅದು ಹನಿಯಲ್ಲ, ಧಾರೆ. ಸೋರುವ ನಲ್ಲಿಯನ್ನು ಒಮ್ಮೆಯಾದರೂ ನೋಡಿದವರಿಗೆ ಇದು ಅಸಾಧ್ಯವೆಂದು ತಿಳಿಯುತ್ತದೆ. ಆಕೆಯೂ ನಲ್ಲಿಯನ್ನು ನೋಡಿದ್ದಳು. ಆದರೆ ನಲ್ಲಿಗೂ ನೋಟ್‌ಬುಕ್ಕಿಗೂ ಸಂಬಂಧವಿದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆ ಸಂಬಂಧವನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಶುಶ್ರೂಷಾ ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ನಿಯಮಗಳಲ್ಲಿ ಬಹಳಷ್ಟಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಕಾರಣ ದೊರೆಯುತ್ತದೆ. ಕಾರಣವನ್ನು ತಿಳಿದವಳು ಪರೀಕ್ಷೆಯನ್ನೂ ದಾಟುತ್ತಾಳೆ, ಪರೀಕ್ಷೆಯ ಆಚೆಗಿನ ಕೆಲಸವನ್ನೂ ಮಾಡಬಲ್ಲಳು.

ಶಿಕ್ಷಣದ ಸ್ವರೂಪ

ಭಾರತದಲ್ಲಿ ಶುಶ್ರೂಷಾ ಶಿಕ್ಷಣದ ಮಟ್ಟವನ್ನು ನಿಗದಿಪಡಿಸುವ ಸಂಸ್ಥೆ ಭಾರತೀಯ ಶುಶ್ರೂಷಾ ಪರಿಷತ್ತು. ಇದು 1947ರ ಕಾಯಿದೆಯ ಪ್ರಕಾರ ಏರ್ಪಟ್ಟಿತು. ಈ ಶಿಕ್ಷಣದಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ. ಎ.ಎನ್.ಎಂ. ಎಂದು ಹೆಸರಾದ ಸಹಾಯಕ ಶುಶ್ರೂಷಕಿ ಹಾಗೂ ಪ್ರಸೂತಿಕೆಯ ಶಿಕ್ಷಣ ಎರಡು ವರ್ಷಗಳದ್ದು. ಅದರ ಕೊನೆಯ ಆರು ತಿಂಗಳು ಕ್ಷೇತ್ರಾನುಭವಕ್ಕೆ ಮೀಸಲು. ಜಿ.ಎನ್.ಎಂ. ಎಂಬುದು ಮೂರು ವರ್ಷಗಳ ಡಿಪ್ಲೊಮಾ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಮೊದಲ ಎರಡಕ್ಕೆ ವಿಜ್ಞಾನ ವಿಭಾಗದಲ್ಲಿಯೇ ಪಿ.ಯು.ಸಿ. ಮಾಡಿರಬೇಕೆಂಬ ಕಟ್ಟಳೆಯಿಲ್ಲ. ಕಲೆ, ವಾಣಿಜ್ಯಗಳನ್ನು ಓದಿದವರೂ ಸೇರಬಹುದು. ಇದು ಒಳ್ಳೆಯ ನಿಯಮ. ಬಡ ಮನೆಗಳ ಹೆಣ್ಣುಮಕ್ಕಳಿಗೆ ಇದರಿಂದ ಒಂದು ಬಾಗಿಲು ತೆರೆದಿದೆ. ಆದರೆ ಹಾಗೆ ಬಂದವರು ಹತ್ತನೆಯ ತರಗತಿಯ ಬಳಿಕ ವಿಜ್ಞಾನದ ಪುಸ್ತಕವನ್ನು ಮುಟ್ಟಿರುವುದಿಲ್ಲ. ಎ.ಎನ್.ಎಂ. ಪರೀಕ್ಷೆಯಲ್ಲಿ ಲಿಖಿತ, ಪ್ರಾಯೋಗಿಕ ಎರಡರಲ್ಲಿಯೂ ಬೇರೆ ಬೇರೆಯಾಗಿ ಶೇಕಡಾ 50 ಅಂಕಗಳನ್ನು ಪಡೆಯಬೇಕು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುವಂತಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಶಿಕ್ಷಣಕ್ಕೆ ಅನುಕೂಲ ಇಲ್ಲದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಸಜ್ಜಲಶ್ರೀ ಶುಶ್ರೂಷಾ ವಿಜ್ಞಾನ ಸಂಸ್ಥೆಯೂ ಇವೆ. ಆಸ್ಪತ್ರೆಗೆ ಯಾರ ಹೆಸರನ್ನು ಇಟ್ಟಿದೆಯೋ ಆ ಕುಮಾರಸ್ವಾಮಿಗಳೇ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಬಾದಾಮಿ, ಹುನಗುಂದ, ಇಳಕಲ್ಲು ಮೊದಲಾದ ಊರುಗಳ ಹುಡುಗಿಯರು ಇಂದು ಇಂಥ ಶಿಕ್ಷಣಕ್ಕಾಗಿ ಬಸ್ಸು ಹತ್ತುತ್ತಿದ್ದಾರೆ.

ಕಲಿತು ಹೊರಬಂದ ಎ.ಎನ್.ಎಂ. ಸಾಮಾನ್ಯವಾಗಿ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಹೋಗುತ್ತಾಳೆ. ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರವಿರಬೇಕೆಂಬುದು ಲೆಕ್ಕ. ಅಲ್ಲಿ ಅನೇಕ ವೇಳೆ ಪಕ್ಕದಲ್ಲಿ ವೈದ್ಯರಿರುವುದಿಲ್ಲ. ಕೇಳೋಣವೆಂದರೆ ಹಿರಿಯ ಸಿಸ್ಟರ್ ಕೂಡ ಇರುವುದಿಲ್ಲ. ಆಗ ನೆರವಿಗೆ ಬರುವುದು ತಾನು ತಿಳಿದುಕೊಂಡದ್ದು ಮಾತ್ರ. ಬಾಯಿಪಾಠಕ್ಕಿಂತ ತಿಳಿವಳಿಕೆ ಮೇಲೆಂದು ನಾವು ಹೇಳುವುದು ಇದಕ್ಕಾಗಿಯೇ.

ಹನಿಯ ಲೆಕ್ಕ

ಮೊದಲಿನ ಲೆಕ್ಕಕ್ಕೆ ಹಿಂದಿರುಗೋಣ. ಸೂತ್ರವನ್ನು ಮರೆತುಬಿಡೋಣ. 1 ಮಿಲಿಲೀಟರಿಗೆ 20 ಹನಿಯಾದರೆ 500 ಮಿಲಿಲೀಟರಿಗೆ ಒಟ್ಟು 10,000 ಹನಿ. ಈ ಹತ್ತು ಸಾವಿರ ಹನಿಗಳು 4 ಗಂಟೆ, ಅಂದರೆ 240 ನಿಮಿಷಗಳಲ್ಲಿ ಬೀಳಬೇಕು. ಒಂದು ನಿಮಿಷದ ಪಾಲಿಗೆ ಬರುವುದು 41.7; ಅರ್ಥಾತ್ 42 ಹನಿ. ಇಲ್ಲಿ ನಾವು ಮಾಡಿದ್ದು ಇಷ್ಟೇ: ಪ್ರತಿಯೊಂದು ಸಂಖ್ಯೆಯ ಪಕ್ಕದಲ್ಲಿ ಅದು ಯಾವುದರ ಸಂಖ್ಯೆಯೆಂಬುದನ್ನು ಬರೆದುಕೊಂಡೆವು. ಹನಿ, ಮಿಲಿಲೀಟರ್, ಗಂಟೆ, ನಿಮಿಷ ಎಂಬ ಈ ಹೆಸರುಗಳನ್ನೇ ಭೌತಶಾಸ್ತ್ರದಲ್ಲಿ ಮಾನಗಳೆನ್ನುತ್ತೇವೆ. ಮಾನವಿಲ್ಲದ ಸಂಖ್ಯೆ ಊರ ಹೆಸರಿಲ್ಲದ ವಿಳಾಸದಂತೆ. ಅದು ಎಲ್ಲಿಗೂ ತಲಪುವುದಿಲ್ಲ.

ವಾರ್ಡಿನಲ್ಲಿ ಒಂದು ನಿಮಿಷವಿಡೀ ಎಣಿಸುವಷ್ಟು ಬಿಡುವಿಲ್ಲದಾಗ 15 ಸೆಕೆಂಡು ಎಣಿಸುತ್ತಾರೆ. ನಮ್ಮ ಲೆಕ್ಕಕ್ಕೆ ಹತ್ತು ಅಥವಾ ಹನ್ನೊಂದು ಹನಿ ಬಿದ್ದರೆ ಸರಿ. ಚಿಕ್ಕ ಮಕ್ಕಳಿಗೆ ಬಳಸುವ ಸೂಕ್ಷ್ಮ ಕೊಳವೆಯಲ್ಲಿ 60 ಹನಿಗಳಿಗೆ 1 ಮಿಲಿಲೀಟರ್. ಗಂಟೆಗೆ 60 ನಿಮಿಷ, ಮಿಲಿಲೀಟರಿಗೆ 60 ಹನಿ. ಎರಡೂ ಅರವತ್ತಾದುದರಿಂದ ಒಂದನ್ನೊಂದು ಹೊಡೆದುಹಾಕುತ್ತವೆ. ಗಂಟೆಗೆ 30 ಮಿಲಿಲೀಟರ್ ಬೇಕೆಂದರೆ ನಿಮಿಷಕ್ಕೆ 30 ಹನಿ. ಇದನ್ನು ಒಂದು ಉಪಾಯವೆಂದು ಬಾಯಿಪಾಠ ಮಾಡಿದವಳು ದೊಡ್ಡ ಕೊಳವೆಗೂ ಅದನ್ನೇ ಅನ್ವಯಿಸಿ ಮೋಸಹೋಗುತ್ತಾಳೆ. ಕಾರಣ ತಿಳಿದವಳು ಮೋಸಹೋಗುವುದಿಲ್ಲ.

ಬಾಟಲಿಯ ಎತ್ತರ, ಸೂಜಿಯ ನಂಬರು

ಬಾಟಲಿಯನ್ನು ರೋಗಿಗಿಂತ ಎತ್ತರದಲ್ಲಿ, ಸುಮಾರು ಒಂದು ಮೀಟರ್ ಮೇಲೆ ತೂಗುಹಾಕುವುದೇಕೆ? ರಕ್ತನಾಳದೊಳಗೆ ಒತ್ತಡವಿದೆ. ಮಲಗಿರುವ ಮನುಷ್ಯನ ಕೈಯ ಸಿರೆಯಲ್ಲಿ ಅದು ಪಾದರಸದ 10 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರವಾದುದರಿಂದ, ಅದು ಸುಮಾರು 14 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ದ್ರಾವಣದ ಮಟ್ಟ ಕೈಯಿಂದ ಇಷ್ಟು ಮೇಲಿದ್ದರೆ ಹರಿವು ನಿಲ್ಲುತ್ತದೆ. ಇನ್ನೂ ಕೆಳಗಿಳಿದರೆ ರಕ್ತವೇ ಕೊಳವೆಗೆ ಏರುತ್ತದೆ. ಒಂದು ಮೀಟರ್ ಎತ್ತರದಲ್ಲಿಟ್ಟಾಗ ಪಾದರಸದ ಸುಮಾರು 73 ಮಿಲಿಮೀಟರಿಗೆ ಸಮನಾದ ಒತ್ತಡ ದೊರೆತು ದ್ರಾವಣ ಸಲೀಸಾಗಿ ಒಳಹೋಗುತ್ತದೆ. ರೋಗಿಯನ್ನು ಗಾಲಿಮಂಚದಲ್ಲಿ ಸಾಗಿಸುವಾಗ ಬಾಟಲಿಯನ್ನು ಅವನ ಪಕ್ಕದಲ್ಲಿ ಮಲಗಿಸಬಾರದೆಂಬ ನಿಯಮಕ್ಕೆ ಇದೇ ಕಾರಣ. ಮಾಳಿಗೆಯ ಮೇಲಿನ ತೊಟ್ಟಿಯಿಂದ ಕೆಳಗಿನ ನಲ್ಲಿಗೆ ನೀರು ಬರುವುದಕ್ಕೂ ಇದಕ್ಕೂ ಭೇದವಿಲ್ಲ.

ಎತ್ತರದಷ್ಟೇ ಮುಖ್ಯವಾದುದು ಸೂಜಿಯ ದಪ್ಪ. ಇಲ್ಲಿ ಹೊಸಬರಿಗೆ ಒಂದು ಗೊಂದಲ ಕಾದಿರುತ್ತದೆ. ಸೂಜಿಯ ನಂಬರು ಹೆಚ್ಚಿದಂತೆ ಸೂಜಿ ತೆಳ್ಳಗಾಗುತ್ತದೆ: 18ನೆಯ ನಂಬರಿನದು ದಪ್ಪ, 22ನೆಯದು ತೆಳು. ನಮ್ಮ ವಿದ್ಯಾರ್ಥಿನಿ ಇದು ತಲೆಕೆಳಗಾದ ಲೆಕ್ಕವೆಂದಳು. “ನಿಮ್ಮ ಮನೆಯಲ್ಲಿ ಹತ್ತಿಯ ನೂಲಿನ ನಂಬರನ್ನು ಹೇಗೆ ಹೇಳುತ್ತಾರೆ?” ಎಂದು ನಾವು ಕೇಳಿದೆವು. ಆಕೆ ನಕ್ಕುಬಿಟ್ಟಳು. 80ನೆಯ ನಂಬರಿನ ನೂಲು 40ನೆಯದಕ್ಕಿಂತ ತೆಳು ಎಂಬುದು ಇಳಕಲ್ಲಿನ ನೇಕಾರರ ಮನೆಯ ಮಗುವಿಗೂ ಗೊತ್ತು. ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಾಗುತ್ತವೆಯೋ ಅದೇ ಹತ್ತಿ ನೂಲಿನ ನಂಬರು. ನೂಲು ತೆಳುವಾದಷ್ಟೂ ಲಡಿಗಳು ಹೆಚ್ಚು. ಸೂಜಿಯ ನಂಬರು ಬಂದದ್ದು ಲೋಹದ ತಂತಿಯ ಅಳತೆಯಿಂದ. ತಂತಿಯನ್ನು ಒಂದಕ್ಕಿಂತ ಒಂದು ಸಣ್ಣದಾದ ರಂಧ್ರಗಳಲ್ಲಿ ಎಳೆಯುತ್ತ ಹೋದಂತೆ ನಂಬರು ಏರುತ್ತದೆ, ತಂತಿ ತೆಳುವಾಗುತ್ತದೆ.

ಇನ್ನು ಹರಿವಿನ ಮಾತು. ಫ್ರಾನ್ಸಿನ ಪ್ವಾಸೆಯ್ (1797–1869) ವೈದ್ಯನಾಗಿಯೂ ಭೌತವಿಜ್ಞಾನಿಯಾಗಿಯೂ ಹೆಸರಾದವನು. 1828ರಲ್ಲಿ ಪಾದರಸದ ಮಾಪಕದಿಂದ ಅಪಧಮನಿಯ ಒತ್ತಡವನ್ನು ಅಳೆದವನು, ಮುಂದೆ 1840ರ ಸುಮಾರಿಗೆ ಸಣ್ಣ ಕೊಳವೆಗಳಲ್ಲಿ ದ್ರವದ ಹರಿವನ್ನು ಪರೀಕ್ಷಿಸಿದನು. ಕೊಳವೆಯ ಉದ್ದವೂ ಒತ್ತಡವೂ ಅಷ್ಟೇ ಇದ್ದರೆ, ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆಂದು ಅವನು ಕಂಡುಕೊಂಡನು. ಒಳವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ. ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. 18ನೆಯ ನಂಬರಿನ ಸಾಮಾನ್ಯ ಸೂಜಿಯ ಒಳವ್ಯಾಸ ಸುಮಾರು 0.84 ಮಿಲಿಮೀಟರ್, 22ನೆಯದರದು ಸುಮಾರು 0.41 ಮಿಲಿಮೀಟರ್, ಹೆಚ್ಚುಕಡಿಮೆ ಅರ್ಧ. ಹೆರಿಗೆಯ ಬಳಿಕ ರಕ್ತಸ್ರಾವ ನಿಲ್ಲದ ತಾಯಿಗೆ ದ್ರಾವಣವನ್ನು ಬೇಗನೆ ಕೊಡಬೇಕಾದಾಗ ದಪ್ಪ ಸೂಜಿಯನ್ನೇ ಆರಿಸಬೇಕೆಂದು ಪುಸ್ತಕದಲ್ಲಿ ಒಂದು ಸಾಲಿರುತ್ತದೆ. ಆ ಸಾಲಿನ ಹಿಂದೆ ಇರುವುದು ಈ ಹದಿನಾರು.

ತೋಳು ಎಲ್ಲಿರಬೇಕು?

ರಕ್ತದೊತ್ತಡವನ್ನು ಅಳೆಯಲು ತೋಳಿಗೆ ಪಟ್ಟಿ ಸುತ್ತುವ ವಿಧಾನವನ್ನು ಇಟಲಿಯ ರೀವಾ-ರೊಚ್ಚಿ 1896ರಲ್ಲಿ ರೂಪಿಸಿದನು. ಪಟ್ಟಿಯ ಕೆಳಗೆ ಶಬ್ದವನ್ನು ಆಲಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ಸೇರಿಸಿದನು. ಅಳೆಯುವಾಗ ತೋಳು ಹೃದಯದ ಮಟ್ಟದಲ್ಲಿರಬೇಕೆಂಬುದು ಮೊದಲ ವಾರವೇ ಹೇಳಿಕೊಡುವ ನಿಯಮ. ಅವಸರದಲ್ಲಿ ಮೊದಲು ಮರೆಯುವ ನಿಯಮವೂ ಅದೇ.

ರಕ್ತವೂ ಒಂದು ದ್ರವವೇ. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದಿದ್ದರೆ, ಅಷ್ಟು ಎತ್ತರದ ರಕ್ತದ ಕಂಬದ ಭಾರ ಅಳತೆಗೆ ಸೇರಿಕೊಳ್ಳುತ್ತದೆ. 100 ಮಿಲಿಮೀಟರನ್ನು ರಕ್ತದ ಸಾಪೇಕ್ಷ ಸಾಂದ್ರತೆಯಾದ 1.06ರಿಂದ ಗುಣಿಸಿ 13.6ರಿಂದ ಭಾಗಿಸಿದರೆ ಪಾದರಸದ ಸುಮಾರು 8 ಮಿಲಿಮೀಟರ್ ಬರುತ್ತದೆ. ಗರ್ಭಿಣಿಯರಲ್ಲಿ 140/90 ಎಂಬುದು ಎಚ್ಚರಿಕೆಯ ಗೆರೆ. ನಿಜವಾಗಿ 144/94 ಇರುವ ಗರ್ಭಿಣಿಯ ತೋಳನ್ನು 10 ಸೆಂಟಿಮೀಟರ್ ಮೇಲಿಟ್ಟು ಅಳೆದರೆ 136/86 ಎಂದು ಕಾಣುತ್ತದೆ. ಎಲ್ಲವೂ ಸರಿಯಿದೆಯೆಂದು ಆಕೆಯನ್ನು ಮನೆಗೆ ಕಳಿಸಿಬಿಡುತ್ತಾರೆ. 134/84 ಇರುವವಳ ತೋಳು ಅಷ್ಟೇ ಕೆಳಗಿದ್ದರೆ 142/92 ಕಾಣುತ್ತದೆ. ಇಲ್ಲದ ಭಯ ಹುಟ್ಟುತ್ತದೆ. ಇಂದು ಪಾದರಸದ ಉಪಕರಣಗಳು ಹಿಂದೆ ಸರಿದು ಅಂಕಿಗಳನ್ನು ತೋರಿಸುವ ಯಂತ್ರಗಳು ಬರುತ್ತಿವೆ. ಯಂತ್ರ ಹೊಸದಾದರೂ ತೋಳಿನ ಸ್ಥಾನದ ದೋಷವನ್ನು ಅದು ತಿದ್ದಲಾರದು.

ಮಂಜುಗಡ್ಡೆಯ ಸಪ್ಪಳ

ತರಬೇತಿಯ ಅವಧಿಯಲ್ಲಿ ವಿದ್ಯಾರ್ಥಿನಿಯರನ್ನು ಹಳ್ಳಿಗಳ ಲಸಿಕಾ ಕಾರ್ಯಕ್ಕೆ ಕಳಿಸುತ್ತಾರೆ. ಬಾದಾಮಿಯ ಕೆಂಪು ಬಂಡೆಗಳು ಏಪ್ರಿಲ್ ತಿಂಗಳಲ್ಲಿ ಹೇಗೆ ಕಾಯುತ್ತವೆಂಬುದು ಅಲ್ಲಿ ಓಡಾಡಿದವರಿಗೆಲ್ಲ ಗೊತ್ತು; ಈ ಭಾಗದಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮುಟ್ಟುವುದು ಅಪರೂಪವಲ್ಲ. ಲಸಿಕೆಗಳಾದರೋ 2ರಿಂದ 8 ಡಿಗ್ರಿಗಳ ನಡುವೆ ಇರಬೇಕು. ಇದಕ್ಕಾಗಿ ಲಸಿಕೆಯ ಪೆಟ್ಟಿಗೆಯೊಳಗೆ ಮಂಜುಗಡ್ಡೆಯಾದ ನೀರಿನ ನಾಲ್ಕು ಪ್ಯಾಕುಗಳನ್ನು ಇಡುತ್ತಾರೆ. ಆದರೆ ಅವನ್ನು ಶೀತಕದಿಂದ ತೆಗೆದ ಕೂಡಲೇ ಇಡುವುದಿಲ್ಲ. ಹೊರಗೆ ಸ್ವಲ್ಪ ಹೊತ್ತು ಬಿಟ್ಟು, ಕಿವಿಯ ಬಳಿ ಅಲುಗಾಡಿಸಿ, ಒಳಗೆ ನೀರಿನ ಸಪ್ಪಳ ಕೇಳಿದ ಮೇಲೆಯೇ ಪೆಟ್ಟಿಗೆಗೆ ಹಾಕುತ್ತಾರೆ. ಬಿಸಿಲಿನಲ್ಲಿ ಹೊರಡುವಾಗ ಮಂಜುಗಡ್ಡೆಯನ್ನು ಬೇಕೆಂದೇ ಕರಗಿಸುವುದು ಹೊಸಬರಿಗೆ ವಿಚಿತ್ರವಾಗಿ ತೋರುತ್ತದೆ.

ಶೀತಕದಿಂದ ಆಗತಾನೆ ತೆಗೆದ ಗಡ್ಡೆಯ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಅದನ್ನು ತಾಗಿದ ಲಸಿಕೆ ಹೆಪ್ಪುಗಟ್ಟೀತು. ಹೆಪಟೈಟಿಸ್-ಬಿ, ಪೆಂಟಾವೇಲೆಂಟ್, ಧನುರ್ವಾಯು ಮೊದಲಾದವುಗಳ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಪುನಃ ಕರಗಿಸಿದರೂ ಪ್ರಯೋಜನವಿಲ್ಲ. ಗಡ್ಡೆಯೂ ನೀರೂ ಒಟ್ಟಿಗೆ ಇರುವಾಗ ಮಾತ್ರ ಉಷ್ಣತೆ 0 ಡಿಗ್ರಿಯಲ್ಲಿ ನಿಲ್ಲುತ್ತದೆ. ನೀರಿನ ಸಪ್ಪಳ ಕೇಳಿಸಿತೆಂದರೆ ಪ್ಯಾಕು ಆ ಸ್ಥಿತಿಗೆ ಬಂದಿದೆಯೆಂದು ಅರ್ಥ. ಉಷ್ಣತಾಮಾಪಕವಿಲ್ಲದೆ ಕಿವಿಯಿಂದಲೇ ಉಷ್ಣತೆಯನ್ನು ಅಳೆದಂತಾಯಿತು.

ಕೊಂಚ ಕರಗಿದ್ದರಿಂದ ಶೈತ್ಯ ವ್ಯರ್ಥವಾಗಲಿಲ್ಲವೆ? ಹೆಚ್ಚು ವ್ಯರ್ಥವಾಗಲಿಲ್ಲ. 1 ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಉಷ್ಣ ಬೇಕು, ಇದೇ ಗುಪ್ತೋಷ್ಣ. ಪ್ಯಾಕಿನಲ್ಲಿ 400 ಗ್ರಾಂ ಗಡ್ಡೆಯಿದ್ದರೆ, ಪೂರ್ತಿ ಕರಗುವಾಗ ಅದು 32,000 ಕ್ಯಾಲೊರಿಯನ್ನು ಹೀರುತ್ತದೆ. ಅಷ್ಟೇ ತಣ್ಣೀರು 0ಯಿಂದ 8 ಡಿಗ್ರಿಗೆ ಏರುವಾಗ ಹೀರುವುದು ಕೇವಲ 3,200. ಪೆಟ್ಟಿಗೆಯ ತಂಪನ್ನು ಕಾಯುವುದು ಮುಖ್ಯವಾಗಿ ಕರಗುವಿಕೆಯೇ. ಆ ಬಂಡವಾಳದ ಬಹುಭಾಗ ಇನ್ನೂ ಕೈಯಲ್ಲಿರುತ್ತದೆ.

ಗಡಿಗೆಯೂ ಕೂಸೂ

ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಿರುವುದೇಕೆಂದು ಕೇಳಿದರೆ ಶಾಲೆಯ ಮಕ್ಕಳೂ ಹೇಳುತ್ತಾರೆ: ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಉಷ್ಣವನ್ನು ಹೀರುತ್ತದೆ. ಆಗತಾನೆ ಹುಟ್ಟಿದ ಕೂಸಿನ ಮೈಯೂ ಒದ್ದೆಯಾಗಿರುತ್ತದೆ. ಅಲ್ಲಿಯೂ ನಡೆಯುವುದು ಇದೇ ವ್ಯಾಪಾರ.

ಮೈಯ ಉಷ್ಣತೆಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. 10 ಗ್ರಾಂ ಆವಿಯಾದರೆ 5,800. ಅದೆಲ್ಲವೂ ಕೂಸಿನ ಮೈಯಿಂದಲೇ ಹೋಯಿತೆಂದು ಭಾವಿಸಿದರೆ, 3 ಕಿಲೋಗ್ರಾಂ ತೂಕದ ಕೂಸಿನ ಉಷ್ಣತೆ ಎರಡು ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. ನವಜಾತ ಶಿಶುವಿನ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡು ಡಿಗ್ರಿಯ ಇಳಿತ ಅಪಾಯಕರ. ಹುಟ್ಟಿದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಒದ್ದೆ ಬಟ್ಟೆಯನ್ನು ತೆಗೆದುಹಾಕಬೇಕೆಂಬುದೂ, ಮೊದಲ ದಿನ ಸ್ನಾನ ಮಾಡಿಸಬಾರದೆಂಬುದೂ ಇದರಿಂದಲೇ ಹುಟ್ಟಿದ ನಿಯಮಗಳು.

ಚಿಕ್ಕ ಮೈ ಬೇಗ ತಣ್ಣಗಾಗುವುದಕ್ಕೆ ಇನ್ನೊಂದು ಕಾರಣವುಂಟು. ಉಷ್ಣ ಹೊರಹೋಗುವುದು ಚರ್ಮದ ಮೂಲಕ. ಉಷ್ಣ ಸಂಗ್ರಹವಾಗಿರುವುದು ಇಡೀ ಶರೀರದಲ್ಲಿ. ಆಕಾರ ಒಂದೇ ಎಂದು ಭಾವಿಸಿ ಲೆಕ್ಕ ಹಾಕಿದರೆ, 50 ಕಿಲೋಗ್ರಾಂ ತೂಕದ ತಾಯಿಗಿಂತ 2.5 ಕಿಲೋಗ್ರಾಂ ತೂಕದ ಕೂಸಿಗೆ ಪ್ರತಿ ಕಿಲೋಗ್ರಾಮಿನ ಪಾಲಿಗೆ ಬರುವ ಚರ್ಮ ಸುಮಾರು 2.7 ಪಟ್ಟು ಹೆಚ್ಚು. ಚಹಾವನ್ನು ಬಸಿಗೆ ಸುರಿದರೆ ಬೇಗ ಆರುವಂತೆಯೇ ಇದು. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿ ಬೆಚ್ಚಗಿಡುವ ಪದ್ಧತಿಯನ್ನು 1978ರಲ್ಲಿ ಕೊಲಂಬಿಯದ ಬೊಗೋಟಾ ನಗರದಲ್ಲಿ ಆರಂಭಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ಅದು ಬಳಕೆಯಲ್ಲಿದೆ. ವಿದ್ಯುತ್ತು ಕೈಕೊಟ್ಟರೂ ಕೈಕೊಡದ ಉಷ್ಣದ ಮೂಲ ತಾಯಿಯೇ ಅಲ್ಲವೆ?

ಒಂದು ಬಿಂದುವಿನ ಬೆಲೆ

ಇಷ್ಟೆಲ್ಲ ಹೇಳಿದ ಮೇಲೆ, ಅತ್ಯಂತ ಸರಳವಾದ ಗಣಿತದಲ್ಲಿಯೇ ಅತ್ಯಂತ ಹೆಚ್ಚಿನ ಅಪಾಯವಿದೆಯೆಂಬುದನ್ನೂ ಹೇಳಬೇಕು. ಜ್ವರದ ಪ್ಯಾರಸಿಟಮಾಲ್ ಔಷಧವನ್ನೇ ತೆಗೆದುಕೊಳ್ಳೋಣ. ವೈದ್ಯರು ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 15 ಮಿಲಿಗ್ರಾಂ ಎಂದು ಹೇಳಿದ್ದರೆ 10 ಕಿಲೋಗ್ರಾಂ ತೂಕದ ಮಗುವಿಗೆ 150 ಮಿಲಿಗ್ರಾಂ ಆಯಿತು. ಇದು ಎಷ್ಟು ಮಿಲಿಲೀಟರ್? ಉತ್ತರ ಸೀಸೆಯನ್ನು ಅವಲಂಬಿಸಿದೆ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸೀಸೆಯಾದರೆ 6 ಮಿಲಿಲೀಟರ್. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವುದಾದರೆ 3 ಮಿಲಿಲೀಟರ್. ಎಳೆಯ ಮಕ್ಕಳಿಗೆ ಹನಿಯ ರೂಪದಲ್ಲಿ ಬರುವ, 1 ಮಿಲಿಲೀಟರಿನಲ್ಲಿಯೇ 100 ಮಿಲಿಗ್ರಾಂ ಇರುವ ಸೀಸೆಯಾದರೆ 1.5 ಮಿಲಿಲೀಟರ್ ಮಾತ್ರ. “ಆರು ಮಿಲಿಲೀಟರ್” ಎಂಬುದನ್ನು ಬಾಯಿಪಾಠ ಮಾಡಿಕೊಂಡವಳು ಮೂರನೆಯ ಸೀಸೆಯಿಂದ ಆರನ್ನು ಅಳೆದುಕೊಟ್ಟರೆ ಮಗುವಿಗೆ ಹೋಗುವುದು 600 ಮಿಲಿಗ್ರಾಂ, ನಾಲ್ಕು ಪಟ್ಟು. ಔಷಧದ ಹೆಸರು ಒಂದೇ, ಕಾಯಿಲೆಯೂ ಒಂದೇ. ಬೇರೆಯಾದದ್ದು ಸೀಸೆಯ ಮೇಲಿನ ಸಣ್ಣ ಅಕ್ಷರ.

ದಶಾಂಶ ಬಿಂದುವಿನ ಕಥೆಯೂ ಹೀಗೆಯೇ. ಅರ್ಧವನ್ನು .5 ಎಂದು ಬರೆದರೆ ಬಿಂದು ಮಸುಕಾದಾಗ 5 ಆಗುತ್ತದೆ, ಒಂದನ್ನು 1.0 ಎಂದು ಬರೆದರೆ ಅದು 10 ಆಗುತ್ತದೆ. ಎರಡು ಸಂದರ್ಭಗಳಲ್ಲಿಯೂ ಹತ್ತು ಪಟ್ಟಿನ ದೋಷ. ಆದುದರಿಂದ ಬಿಂದುವಿನ ಮುಂಚೆ ಸೊನ್ನೆಯನ್ನು ತಪ್ಪದೆ ಬರೆಯಬೇಕು. ಪೂರ್ಣ ಸಂಖ್ಯೆಯ ಬಳಿಕ ಬಿಂದುವನ್ನೂ ಸೊನ್ನೆಯನ್ನೂ ಬರೆಯಲೇಬಾರದು. ಪರೀಕ್ಷೆಯಲ್ಲಿ ಈ ತಪ್ಪಿಗೆ ಹೋಗುವುದು ಒಂದು ಅಂಕ. ಆಸ್ಪತ್ರೆಯಲ್ಲಿ ಏನು ಹೋದೀತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಓದುವ ಕ್ರಮ

ಹಾಗಾದರೆ ವಿದ್ಯಾರ್ಥಿನಿ ಹೇಗೆ ಓದಬೇಕು? ನಾವು ಶುಶ್ರೂಷಾ ಶಿಕ್ಷಕರಲ್ಲ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮಕ್ಕಳು ಎಡವುವುದನ್ನು ದಿನವೂ ನೋಡುವವರಾಗಿ ನಾಲ್ಕು ಮಾತುಗಳನ್ನು ಹೇಳಬಹುದು.

ಮೊದಲನೆಯದು, ಲೆಕ್ಕಕ್ಕೆ ಕೈಹಾಕುವ ಮುಂಚೆ ಉತ್ತರವನ್ನು ಅಂದಾಜು ಮಾಡುವುದು. ಉತ್ತರ ಹತ್ತರ ಸುತ್ತಲಿರುವುದೋ ನೂರರ ಸುತ್ತಲಿರುವುದೋ ಎಂದು ಅಂಚಿನಲ್ಲಿ ಬರೆದುಕೊಂಡರೆ 2,500ರಂಥ ಉತ್ತರ ತಾನಾಗಿಯೇ ಸಿಕ್ಕಿಬೀಳುತ್ತದೆ. ಎರಡನೆಯದು, ಪ್ರತಿ ನಿಯಮದ ಎದುರಿಗೆ “ಏಕೆ?” ಎಂಬ ಒಂದು ಅಂಕಣವನ್ನು ಇಟ್ಟುಕೊಳ್ಳುವುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳೇ ಮೊದಲ ಆರು ತಿಂಗಳಲ್ಲಿ ಬೆಟ್ಟವಾಗುತ್ತವೆ. ಪದವನ್ನು ಇಂಗ್ಲಿಷಿನಲ್ಲಿಯೂ ಕಾರಣವನ್ನು ಮನೆಯ ಮಾತಿನಲ್ಲಿಯೂ ಬರೆದುಕೊಂಡರೆ ಎರಡೂ ನೆನಪಿನಲ್ಲಿ ಉಳಿಯುತ್ತವೆ. ಬಿ.ಡಿ. ಎಂದರೆ ದಿನಕ್ಕೆ ಎರಡು ಬಾರಿ, ಟಿ.ಡಿ.ಎಸ್. ಎಂದರೆ ಮೂರು ಬಾರಿ. ಇವು ಲ್ಯಾಟಿನ್ ಮಾತುಗಳ ಮೊದಲಕ್ಷರಗಳೆಂದು ತಿಳಿದರೆ ಸಾಕು, ಅಂಜಿಕೆ ಅರ್ಧ ಇಳಿಯುತ್ತದೆ.

ಮೂರನೆಯದು, ಕಣ್ಣಿನಿಂದ ಓದಿದ್ದನ್ನು ಕೈಯಿಂದ ಮಾಡಿನೋಡುವುದು. ನಲ್ಲಿಯನ್ನು ಹನಿ ಬೀಳುವಷ್ಟು ತಿರುಗಿಸಿ, ಸೆಕೆಂಡಿನ ಮುಳ್ಳಿರುವ ಗಡಿಯಾರ ಹಿಡಿದು ನಿಮಿಷಕ್ಕೆ 42 ಹನಿಗೆ ಹೊಂದಿಸಬಹುದು. ಸಂಗಾತಿಯ ರಕ್ತದೊತ್ತಡವನ್ನು ತೋಳು ಮೇಲಿಟ್ಟು, ಕೆಳಗಿಟ್ಟು, ಸರಿಯಾಗಿಟ್ಟು ಮೂರು ಸಲ ಅಳೆಯಬಹುದು. ಹೀಗೆ ಮಾಡಿದವಳಿಗೆ ಆ ನಿಯಮ ಮರೆಯುವುದಿಲ್ಲ.

ನಾಲ್ಕನೆಯದು, ತಪ್ಪನ್ನು ಬಚ್ಚಿಡದಿರುವುದು. ಔಷಧದ ಚೀಟಿಯನ್ನು ಸೀಸೆ ತೆಗೆಯುವಾಗ, ಅಳೆಯುವಾಗ, ಕೊಡುವ ಮುಂಚೆ ಹೀಗೆ ಮೂರು ಸಲ ಓದಬೇಕೆಂದು ಕಲಿಸುತ್ತಾರೆ. ಲೆಕ್ಕವನ್ನು ಮತ್ತೊಬ್ಬರಿಂದ ನೋಡಿಸಬೇಕೆಂದೂ ಹೇಳುತ್ತಾರೆ. ಇದು ಅಪನಂಬಿಕೆಯಲ್ಲ. ಪ್ರಯೋಗಶಾಲೆಯಲ್ಲಿ ನಾವೂ ಒಂದೇ ಅಳತೆಯನ್ನು ಮೂರು ಸಲ ತೆಗೆದುಕೊಳ್ಳುತ್ತೇವೆ; ಮನುಷ್ಯನ ಕಣ್ಣು ತಪ್ಪುತ್ತದೆಂದು ಒಪ್ಪಿಕೊಂಡೇ ವಿಜ್ಞಾನ ಮುಂದುವರಿದಿದೆ. ತಪ್ಪು ಔಷಧ ಕೊಟ್ಟೆನೆಂದು ಐದು ನಿಮಿಷದೊಳಗೆ ಹೇಳಿದವಳು ರೋಗಿಯನ್ನು ಉಳಿಸಬಹುದು. ಬೈಗುಳಕ್ಕೆ ಹೆದರಿ ಸುಮ್ಮನಿದ್ದವಳು ಆ ಐದು ನಿಮಿಷಗಳನ್ನು ಕಳೆದಂತೆ. ಹೇಳಿದವಳನ್ನು ಅವಮಾನಿಸದಿರುವುದು ಹಿರಿಯರ ಕರ್ತವ್ಯವೆಂಬುದನ್ನೂ ಇಲ್ಲಿಯೇ ಸೇರಿಸಬೇಕು.

ದೀಪ ಹಿಡಿದ ಮಹಿಳೆಯೆಂದು ನಾವೆಲ್ಲ ಶಾಲೆಯಲ್ಲಿ ಓದಿರುವ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆಯನ್ನು ತೆರೆದಳು. ಅದಕ್ಕೂ ಎರಡು ವರ್ಷ ಮುಂಚೆ ಆಕೆ ಇನ್ನೊಂದು ಕೆಲಸ ಮಾಡಿದ್ದಳು. ಕ್ರಿಮಿಯ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕವನ್ನು ತಿಂಗಳು ತಿಂಗಳಾಗಿ ವಿಂಗಡಿಸಿ, ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಮಂದಿ ಸತ್ತರೆಂಬುದನ್ನು ಚಿತ್ರಗಳ ಮೂಲಕ ತೋರಿಸಿದ್ದಳು. ಆಕೆಯ ಒಂದು ಕೈಯಲ್ಲಿ ದೀಪವಿದ್ದರೆ ಇನ್ನೊಂದರಲ್ಲಿ ಲೆಕ್ಕದ ಪುಸ್ತಕವಿತ್ತು. ಕರುಣೆಗೂ ಅಳತೆಗೂ ವಿರೋಧವಿದೆಯೆಂದು ಭಾವಿಸುವವರು ಇದನ್ನು ನೆನೆಯಬೇಕು.

ಅಂದು ಸಂಜೆ ನಮ್ಮ ವಿದ್ಯಾರ್ಥಿನಿ ಹೊರಡುವ ಮುಂಚೆ ನಾವು ಇನ್ನೊಂದು ಲೆಕ್ಕ ಕೊಟ್ಟೆವು: 1 ಲೀಟರ್ ದ್ರಾವಣ, 8 ಗಂಟೆ, ಅದೇ ಕೊಳವೆ. ಆಕೆ ಕೂಡಲೇ ಗುಣಿಸಲು ತೊಡಗಲಿಲ್ಲ. ಕೊಂಚ ಹೊತ್ತು ಯೋಚಿಸಿ, “ದ್ರಾವಣಾನೂ ಎರಡು ಪಟ್ಟು, ಹೊತ್ತೂ ಎರಡು ಪಟ್ಟು. ಹಂಗಾರ ಮೊದಲಿನಷ್ಟ ಹನಿ ಅಲ್ರೀ ಸರ್?” ಎಂದಳು. ಲೇಖನಿಯನ್ನು ಅವಳು ಮುಟ್ಟಿರಲಿಲ್ಲ. ಹಬ್ಬ ಕಳೆದ ಮೇಲೆ ಹುನಗುಂದ, ಅಮೀನಗಡಗಳ ದಾರಿಯಾಗಿ ಬಾಗಲಕೋಟೆಗೆ ಹೋಗುವ ಬಸ್ಸನ್ನು ಆಕೆ ಹತ್ತಿದಳೆಂದು ಅವಳ ತಂದೆಯಿಂದ ನಮಗೆ ತಿಳಿಯಿತು.